ರಸ್ತೆಬದಿ ಸಸಿಗಳಿಗೆ ನೀರು ಹಾಕುವ ಕ್ರಮ ಬದಲಿಸಲು ಮನವಿ

ಇವರಿಗೆ,
ಮಾನ್ಯ ಪೌರಾಯುಕ್ತರು,
ನಗರಸಭೆ, ಕೊಪ್ಪಳ

ವಿಷಯ: ಕಳೆದ ಮಳೆಗಾಲದಲ್ಲಿ ನೆಟ್ಟ ಸಸಿಗಳಿಗೆ ಬೇಸಿಗೆಯಲ್ಲಿ ನೀರುಣಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮಲ್ಲಿ ವಿನಂತಿಸುವುದೇನೆಂದರೆ, ನಮ್ಮ ಬಡಾವಣೆಯ ಬೇವು, ಹೊಂಗೆ ಸಸಿಗಳು ಗವಿಮಠದ ಜಾತ್ರೆಯವರೆಗೂ ಚೆನ್ನಾಗಿದ್ದವು. ಈಗ ಬೋಳಾಗಿ ನಿಂತಿವೆ. ಟ್ಯಾಂಕರ್ ಬರುತ್ತಿಲ್ಲವೆಂಬುದು ನಮ್ಮ ದೂರಲ್ಲ, ದಿನ ಬಿಟ್ಟು ದಿನ ಬರುತ್ತದೆ. ಆದರೆ ಗಾಡಿ ನಿಲ್ಲಿಸದೆ ಪೈಪು ಹಿಡಿದು ಸಾಗುವುದರಿಂದ ಮೇಲ್ಮಣ್ಣಷ್ಟೇ ತೋಯುತ್ತದೆ. ಮೊನ್ನೆ ನೀರು ಬಿದ್ದ ಸ್ವಲ್ಪ ಹೊತ್ತಿಗೇ ಒಂದು ಹೊಂಗೆಯ ಬುಡ ಕೆದಕಿ ನೋಡಿದೆವು. ಎರಡು ಬೆರಳು ಆಳದ ಕೆಳಗೆ ಮಣ್ಣು ಬೂದಿಯಂತಿತ್ತು.

ನೀರು ಸಾಲದಾದಾಗ ಎಳೆ ಗಿಡ ಎಲೆಯ ಪತ್ರರಂಧ್ರಗಳನ್ನು, ಅಂದರೆ ಗಾಳಿಯಾಡುವ ಸಣ್ಣ ತೂತುಗಳನ್ನು, ಮುಚ್ಚಿಕೊಳ್ಳುತ್ತದೆ. ನೀರೇನೋ ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಹೋಗದೆ ಆಹಾರ ತಯಾರಿಕೆ ಕುಂಠಿತವಾಗುತ್ತದೆ. ಬೇರು ಕೆಳಗಿಳಿಯಲು ಬೇಕಾದ ಶಕ್ತಿ ಬರಬೇಕಾದ್ದೂ ಅಲ್ಲಿಂದಲೇ. ಹೀಗೇ ಮುಂದುವರಿದರೆ ಕಾಂಡದೊಳಗಿನ ನೀರಿನ ನಾಳಗಳಲ್ಲಿ ಗಾಳಿ ಸೇರಿ ನೀರಿನ ಎಳೆ ಕಡಿದುಹೋಗುತ್ತದೆ; ಆಮೇಲೆ ಎಷ್ಟು ಸುರಿದರೂ ಆ ಕೊಂಬೆಗೆ ಏರುವುದು ಕಷ್ಟ. ದೊಡ್ಡ ಮರವಾದರೆ ಆಳದ ತೇವ ಹುಡುಕಿಕೊಂಡೀತು, ಇವಕ್ಕಿರುವುದು ನರ್ಸರಿ ಚೀಲದಿಂದ ಈಚೆಗಷ್ಟೇ ಹೊರಬಂದ ಬೇರು. ಸಾಲದ್ದಕ್ಕೆ ನಮ್ಮದು ಎರೆ ಮಣ್ಣು. ಒಣಗಿ ಬಿರಿದರೆ ಸಣ್ಣ ಬೇರುಗಳನ್ನೇ ಹರಿಯುತ್ತದೆ.

ಆದ್ದರಿಂದ ಟ್ರಿಪ್ಪು ಹೆಚ್ಚಿಸಿ ಎಂದು ನಾವು ಕೇಳುತ್ತಿಲ್ಲ. ಇರುವ ನೀರನ್ನೇ ವಾರಕ್ಕೆರಡು ಸಲ, ಸಂಜೆ ಹೊತ್ತು, ಸಸಿಗೆ ಎರಡೆರಡು ಕೊಡ ನೀರಿನಂತೆ, ಒಂದಡಿ ಆಳಕ್ಕಾದರೂ ಇಂಗುವ ಹಾಗೆ ನಿಧಾನವಾಗಿ ಹಾಕಿಸಿ. ಗುತ್ತಿಗೆಯ ಬಿಲ್ಲು ಟ್ರಿಪ್ಪಿನ ಲೆಕ್ಕದಲ್ಲಾದರೆ ಚಾಲಕ ಅವಸರ ಮಾಡುವುದು ಸಹಜ. ಕಡ್ಡಿ ಚುಚ್ಚಿ ತೇವ ನೋಡಿ ಬಿಲ್ಲು ಪಾಸು ಮಾಡುವುದು ಒಳ್ಳೆಯದು. ಪಾತಿ ಕಟ್ಟಿ ಒಣ ಎಲೆ ಹೊದಿಸುವ ಕೆಲಸ ನಮಗೇ ಇರಲಿ. ಗುಡಿಸಿದ ಎಲೆಗೆ ಬೆಂಕಿ ಹಚ್ಚದೆ ನಮಗೆ ಕೊಡಿಸಿ.

ಇನ್ನೊಂದು ಮಾತು. ಎಲೆ ಉದುರಿದ್ದನ್ನೆಲ್ಲ ಸತ್ತಿತೆಂದು ಕೀಳಿಸಬೇಡಿ. ಉಗುರಿನಿಂದ ತೊಗಟೆ ಕೆರೆದಾಗ ಒಳಗೆ ಹಸಿರು ಕಂಡರೆ ಗಿಡಕ್ಕೆ ಜೀವವಿದೆ. ಅಂಥವನ್ನು ಮಳೆಗಾಲದವರೆಗೆ ಉಳಿಸಿ, ಮುಂದಿನ ಎರಡು ಬೇಸಿಗೆಯ ನೀರಿಗೂ ಈಗಲೇ ಅನುದಾನ ಇಡಬೇಕೆಂದು ಕೋರುತ್ತೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)