ಒಗ್ಗರಣೆ ಇಲ್ಲದ ಮೂರು ವಾರ

ಮೂಗಿನ ಆಪರೇಷನ್ ಆಗಿ ನಿನ್ನೆಗೆ ಒಂದು ವರ್ಷ ತುಂಬಿತು. ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು.

ಮೊದಲು ನನ್ನ ಸರ್ಜನ್ ಮೇಡಂಗೆ. ಮೂಗಿನ ಮೇಲಿನ ಮೂಳೆಯ ಉಬ್ಬು ತೆಗೆಸಬೇಕು ಅಂತ ಹೋದರೆ ಅವರು ಡೇಟ್ ಕೊಡಲೇ ಇಲ್ಲ. ‘ಉಸಿರಾಟಕ್ಕೆ ತೊಂದರೆ ಆಗಬಹುದು, ಸೋಂಕು ಆಗಬಹುದು, ಎರಡೂ ಪಕ್ಕ ಒಂದೇ ಥರ ಬರದೇ ಇರಬಹುದು, ಇನ್ನೊಂದು ಆಪರೇಷನ್ನೂ ಬೇಕಾಗಬಹುದು. ಮೂರು ತಿಂಗಳು ಬಿಟ್ಟು ಬನ್ನಿ’ ಅಂದರು. ಅವತ್ತು ಆಚೆ ಬಂದು ನಿಮ್ಮನ್ನ ಬೈದುಕೊಂಡೆ ಮೇಡಂ. ಆದರೆ ಆಮೇಲೆ ಏನೇ ಆದರೂ ‘ಇದನ್ನ ನಂಗೆ ಯಾರೂ ಹೇಳಲಿಲ್ಲ’ ಅನ್ನುವ ಹಾಗೆ ಇರಲಿಲ್ಲ.

ಆಪರೇಷನ್ ಆದ 7ನೇ ದಿನ ಸ್ಪ್ಲಿಂಟ್, ಅಂದರೆ ಮೂಗಿನ ಮೇಲೆ ಕೂರಿಸಿದ್ದ ಗಟ್ಟಿ ಕವಚ, ತೆಗೆದರು. ಮಾರನೇ ದಿನ ರಾತ್ರಿ ಅಮ್ಮ ಸಾರಿಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರು. ಘಾಟಿಗೆ ಸೀನು ಬಂತು. ಬಾಯಿ ತೆರೆದು ಸೀನಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅಭ್ಯಾಸಬಲ, ಬಾಯಿ ಮುಚ್ಚಿಕೊಂಡೇ ಸೀನಿದೆ. ಸಿಂಕೆಲ್ಲ ರಕ್ತ. ಅಮ್ಮ ಗಾಬರಿಯಲ್ಲಿ ನನ್ನ ತಲೆ ಹಿಂದಕ್ಕೆ ಬಾಗಿಸಿದರು. ಫೋನಿನಲ್ಲಿದ್ದ ನರ್ಸ್ ‘ಮುಂದಕ್ಕೆ ಬಗ್ಗಿಸಿ ಅಮ್ಮ, ರಕ್ತ ಗಂಟಲಿಗೆ ಇಳಿಯುತ್ತೆ, ಈಗಲೇ ಹೊರಡಿ’ ಅಂದರು. ನಿಮ್ಮ ಹೆಸರು ಕೇಳಲಿಲ್ಲ ಸಿಸ್ಟರ್, ಕ್ಷಮಿಸಿ. ಆಟೋದವರು ಸೀಟಿಗೆ ರಕ್ತ ಆದರೂ ಏನೂ ಅನ್ನಲಿಲ್ಲ. ಮೀಟರ್ ಮೇಲೆ 20 ರೂಪಾಯಿ ಜಾಸ್ತಿ ತಗೊಂಡರು, ಅಷ್ಟೇ. ಡ್ಯೂಟಿ ಡಾಕ್ಟರ್ ಮೊದಲು ಟಾರ್ಚ್ ಬಿಟ್ಟು ಮೂಗಿನ ನಡುಗೋಡೆ ನೋಡಿದರು. ಅಲ್ಲಿ ರಕ್ತ ಕಟ್ಟಿಕೊಂಡರೆ ಒಳಗಿನ ಮೆದುಮೂಳೆ ಹಾಳಾಗಿ ಮೂಗೇ ಕುಸಿಯಬಹುದಂತೆ. ನನ್ನ ಪುಣ್ಯ, ಕಟ್ಟಿಕೊಂಡಿರಲಿಲ್ಲ. ರಕ್ತ ಸೋರದ ಹಾಗೆ ಮೂಗಿನೊಳಗೆ ಪ್ಯಾಕ್ ತುಂಬಿ ಮನೆಗೆ ಕಳಿಸಿದರು.

ಅದಾದ ಮೇಲೆ ಮೂರು ವಾರ ನಮ್ಮನೆಯಲ್ಲಿ ಒಗ್ಗರಣೆ ಇಲ್ಲ. ಅಪ್ಪ ಆ ಸಪ್ಪೆ ಸಾರನ್ನು ತುಟಿಪಿಟಿಕ್ ಅನ್ನದೆ ಉಂಡರು. ಅಪ್ಪ, ಅದು ಎಷ್ಟು ದೊಡ್ಡ ತ್ಯಾಗ ಅಂತ ನಂಗೆ ಗೊತ್ತು.

ಆರು ವಾರ ಕನ್ನಡಕ ಮೂಗಿನ ಮೇಲೆ ಕೂರಬಾರದು. ತಮ್ಮ ಅದನ್ನ ಟೇಪ್ ಹಾಕಿ ನನ್ನ ಹಣೆಗೆ ನೇತುಹಾಕಿದ. ಆ ಅವತಾರದಲ್ಲಿ ಮಲಗಿಕೊಂಡೇ ಒಂದು ಹಳೇ ಸಂಗತಿ ಓದಿದೆ. ಮೈಸೂರು ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್‌ಜಿ ಅನ್ನುವ ಗಾಡಿಯವನಿಗೆ ಪುಣೆ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದನಂತೆ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಅರಿವಳಿಕೆ ಇಲ್ಲದ ಕಾಲ ಅಲ್ವಾ! ಅವತ್ತಿಂದ ನಾನು ಗೊಣಗುವುದು ಕಮ್ಮಿ ಮಾಡಿದೆ.

ಮೂಗಿನ ತುದಿಯ ಊತ ಇಳಿಯಲು ವರ್ಷವೇ ಬೇಕಾಯಿತು. ಬೆಳಿಗ್ಗೆ ದಪ್ಪ, ಸಂಜೆಗೆ ಸಣ್ಣ. ದಿನಾ ಫೋಟೋ ಕಳಿಸಿ ‘ಇಳಿದಿದೆಯಾ?’ ಅಂತ ತಲೆ ತಿಂದರೂ ಬ್ಲಾಕ್ ಮಾಡದ ಗೆಳತಿಯರಿಗೂ ಒಂದು ನಮಸ್ಕಾರ.

ಅಜ್ಜಿಗೆ ಮಾತ್ರ ಇನ್ನೂ ಸಮಾಧಾನ ಆಗಿಲ್ಲ. ‘ನನ್ನ ಮೂಗೇ ನಿಂಗೆ ಬಂದಿತ್ತಲ್ಲೇ’ ಅಂತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅವರು ಕೊಡಿಸಿದ ಮೂಗುಬೊಟ್ಟು ಡಬ್ಬಿಯಲ್ಲೇ ಇದೆ. ತೂತು ಮುಚ್ಚಿಕೊಂಡಿದೆ. ಚುಚ್ಚಿಸಲು ಮೇಡಂ ಹೂಂ ಅಂದಿದ್ದಾರೆ, ಈ ತಿಂಗಳು ಅಜ್ಜಿಯೇ ಕರೆದುಕೊಂಡು ಹೋಗ್ತಾರಂತೆ.