ಹಳೆಯ ಪಿಕಪ್ ಗಾಡಿಯ ವಯಸ್ಸನ್ನಲ್ಲ, ಸ್ಥಿತಿಯನ್ನು ನೋಡಿ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ,

ಹಳೆಯ ವಾಹನಗಳ ಬಗ್ಗೆ ನೀತಿ ರೂಪಿಸುವಾಗ ಮೊದಲು ಚರ್ಚೆಗೆ ಬರುವುದು ಗಾಡಿ ನೋಂದಣಿಯಾದ ವರ್ಷ. ಇಂತಿಷ್ಟು ವರ್ಷವಾದ ಮೇಲೆ ರಸ್ತೆಗಿಳಿಯಬಾರದು ಎಂದು ಒಂದು ಅಂಕಿ ಬರೆದುಬಿಟ್ಟರೆ ಕಡತ ಸರಾಗವಾಗಿ ಮುಂದೆ ಸಾಗುತ್ತದೆ, ನಿಜ. ಆದರೆ ಹೊರೆ ಹೊರುವ ಪಿಕಪ್ ಟ್ರಕ್ಕಿನ ವಿಷಯದಲ್ಲಿ ಆ ಅಂಕಿ ತಿಳಿಸುವುದು ಬಹಳ ಕಡಿಮೆ. ಮಿತಿಮೀರಿದ ಭಾರ ಹೊತ್ತು, ಕೆಸರು ಮೆತ್ತಿದ್ದರೂ ನೀರು ಕಾಣದೆ ನಿಂತ ಎಳೆಯ ಗಾಡಿಗಿಂತ, ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಾಯಿಸಿ ಗ್ರೀಸ್ ಹೊಡೆಸಿದ ಇಪ್ಪತ್ತು ವರ್ಷದ ಗಾಡಿ ಹೆಚ್ಚು ಸುರಕ್ಷಿತವಾಗಿರಬಹುದು. ಆದ್ದರಿಂದ ವಯಸ್ಸಿನ ಗಡಿಯ ಬದಲು ಸ್ಥಿತಿಯ ಪರೀಕ್ಷೆಯನ್ನು, ಅದೂ ಕಠಿಣವಾದ ಪರೀಕ್ಷೆಯನ್ನು, ನೀತಿಯ ಆಧಾರವಾಗಿಸಬೇಕೆಂದು ಕೋರುತ್ತೇನೆ.

ಪಿಕಪ್ಪಿನ ಕ್ಯಾಬಿನ್ನನ್ನೂ ಹಿಂದಿನ ತೊಟ್ಟಿಯನ್ನೂ ಏಣಿಯಾಕಾರದ ಚಾಸಿಯ, ಅಂದರೆ ಉಕ್ಕಿನ ಅಡಿಚೌಕಟ್ಟಿನ, ಮೇಲೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಬಾಗಿಲು, ತೊಟ್ಟಿ, ಗೇರ್‌ಬಾಕ್ಸ್, ಇಂಜಿನ್ ಯಾವುದನ್ನು ಬೇಕಾದರೂ ಬಿಡಿಯಾಗಿ ಇಳಿಸಿ ರಿಪೇರಿ ಮಾಡಬಹುದಾದ್ದರಿಂದಲೇ ಇಂಥ ಗಾಡಿಗಳು ದೀರ್ಘಕಾಲ ಬಾಳುತ್ತವೆ. ಅವುಗಳ ಆಯುಸ್ಸಿನ ನಿಜವಾದ ಮಿತಿ ಚಾಸಿಯೇ. ನೀರು ಹರಿದುಹೋಗಲು ಬಿಟ್ಟ ರಂಧ್ರಗಳು ಮಣ್ಣಿನಿಂದ ಮುಚ್ಚಿಕೊಂಡಾಗ ಪೆಟ್ಟಿಗೆಯಂತೆ ಮುಚ್ಚಿದ ಉಕ್ಕಿನ ತೊಲೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಪರೀಕ್ಷಕರು ಬಣ್ಣ ನೋಡದೆ, ಭಾರ ಹೊರುವ ಸ್ಪ್ರಿಂಗ್‌ಗಳಾದ ಕಮಾನುಪಟ್ಟಿಗಳು ಚಾಸಿಗೆ ಸೇರುವ ಜಾಗದಲ್ಲಿ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಅಲ್ಲಿ ತೂತು ಬಿದ್ದ, ಅಥವಾ ತುಕ್ಕಿನ ಮೇಲೆಯೇ ತಗಡು ವೆಲ್ಡ್ ಮಾಡಿ ಮುಚ್ಚಿದ ಗಾಡಿಯ ಪರವಾಗಿ ನಾನು ವಾದಿಸುವುದಿಲ್ಲ. ಅದು ಗುಜರಿಗೆ ಹೋಗಲಿ.

ಬ್ರೇಕಿನ ವಿಷಯ ಇನ್ನೂ ಸೂಕ್ಷ್ಮ. ಅನೇಕ ಪಿಕಪ್‌ಗಳಲ್ಲಿ ಹೊರೆಗೆ ತಕ್ಕಂತೆ ಹಿಂದಿನ ಚಕ್ರಗಳ ಬ್ರೇಕ್ ಒತ್ತಡವನ್ನು ಹೊಂದಿಸುವ ಒಂದು ವಾಲ್ವ್ ಇರುತ್ತದೆ. ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವಿನ ಅಂತರವೇ ಅದಕ್ಕೆ ಅಳತೆ: ಭಾರ ಬಿದ್ದು ಚಾಸಿ ತಗ್ಗಿದರೆ ಒತ್ತಡ ಹೆಚ್ಚು, ಖಾಲಿಯಿದ್ದು ಮೇಲೆದ್ದರೆ ಕಡಿಮೆ. ಹೆಚ್ಚು ಭಾರ ಹೊರಲೆಂದು ಮಾಲೀಕರು ಒಂದೆರಡು ಕಮಾನುಪಟ್ಟಿ ಸೇರಿಸಿಬಿಟ್ಟರೆ, ತುಂಬಿದ ಗಾಡಿಯೂ ತಗ್ಗದೆ ವಾಲ್ವ್ ಅದನ್ನು ಖಾಲಿಯೆಂದೇ ಭಾವಿಸುತ್ತದೆ. ಹಿಂದಿನ ಬ್ರೇಕ್ ಹಿಡಿಯಬೇಕಾದಷ್ಟು ಹಿಡಿಯುವುದಿಲ್ಲ. ವಾಲ್ವ್ ತುಕ್ಕು ಹಿಡಿದು ಹೆಚ್ಚಿನ ಒತ್ತಡದಲ್ಲೇ ಕಚ್ಚಿಕೊಂಡರೆ, ಖಾಲಿ ಗಾಡಿಯ ಹಿಂದಿನ ಚಕ್ರಗಳು ಒದ್ದೆ ರಸ್ತೆಯಲ್ಲಿ ಲಾಕ್ ಆಗಿ ಗಾಡಿ ಅಡ್ಡ ತಿರುಗಬಹುದು. ಖಾಲಿ ಗಾಡಿಯನ್ನಷ್ಟೇ ಪರೀಕ್ಷಿಸಿದರೆ ಮೊದಲನೆಯ ದೋಷ ಕಣ್ತಪ್ಪುತ್ತದೆ. ಬ್ರೇಕ್ ದ್ರವವೂ ಹಾಗೆಯೇ, ಕಾಲಕ್ರಮೇಣ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ಮಾನದಂಡವೇ, ಶೇ. 3.7ರಷ್ಟು ನೀರು ಸೇರಿದಾಗ 155 ಡಿಗ್ರಿಯನ್ನು ಒಪ್ಪಿಕೊಳ್ಳುತ್ತದೆ. ಹೊರೆ ಹೊತ್ತು ಘಟ್ಟವಿಳಿಯುವಾಗ ಆ ದ್ರವ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ತೇವ ಅಳೆಯುವ ಪುಟ್ಟ ಸಾಧನಗಳು ಲಭ್ಯವಿರುವಾಗ ಇದನ್ನು ಪರೀಕ್ಷೆಯಲ್ಲಿ ಸೇರಿಸಲು ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ.

ಹೊಗೆಯ ಆಕ್ಷೇಪ ನ್ಯಾಯವಾದದ್ದು. ಕಟ್ಟಿಕೊಂಡ ಏರ್ ಫಿಲ್ಟರ್, ಸವೆದ ಇಂಜೆಕ್ಟರ್‌ಗಳಿಂದ ಬರುವ ಕಪ್ಪು ಹೊಗೆಯನ್ನೂ, ಸವೆದ ಪಿಸ್ಟನ್ ರಿಂಗ್‌ಗಳಿಂದಾಗಿ ಎಣ್ಣೆ ಉರಿದು ಬರುವ ನೀಲಿ ಹೊಗೆಯನ್ನೂ ರಿಪೇರಿಯಿಂದ ಬಹಳಷ್ಟು ತಗ್ಗಿಸಬಹುದು. ಆದರೂ ಹಳೆಯ ಡೀಸೆಲ್ ಇಂಜಿನ್ ಹೊಸದರಷ್ಟು ಶುದ್ಧವಾಗದು. ಜನನಿಬಿಡ ಪ್ರದೇಶಗಳಲ್ಲಿ ಅದಕ್ಕೆ ನಿರ್ಬಂಧ ಹೇರಿದರೆ ನನ್ನ ತಕರಾರಿಲ್ಲ.

ಹಳೆಯ ಗಾಡಿ ಇಟ್ಟುಕೊಂಡವರು ಸೋಲುವುದು ಹೆಚ್ಚಾಗಿ ಇಂಜಿನ್ನಿನಿಂದಲ್ಲ, ಬಿಡಿಭಾಗಗಳಿಂದ. ಮಾದರಿಯ ತಯಾರಿಕೆ ನಿಂತು ಕೆಲವು ವರ್ಷಗಳಾದ ಮೇಲೆ ಬ್ರೇಕ್‌ನ ವೀಲ್ ಸಿಲಿಂಡರ್, ರಬ್ಬರ್ ಹೋಸ್, ಸ್ಟೀರಿಂಗ್ ಜಾಯಿಂಟ್‌ಗಳ ಜಾಗಕ್ಕೆ ನಕಲಿ ಮಾಲು ಬಂದು ಕೂರುತ್ತದೆ, ಮತ್ತು ಅಸಲಿಗಾಗಿ ಹಣ ಕೊಡಲು ಸಿದ್ಧನಿರುವವನೂ ನಕಲಿಯನ್ನೇ ಹಾಕಿಸಬೇಕಾಗುತ್ತದೆ. ಸುರಕ್ಷತೆಗೆ ಸಂಬಂಧಿಸಿದ ಭಾಗಗಳನ್ನು ಕಂಪನಿ ಪೂರೈಸಲಿ. ನಿಲ್ಲಿಸುವುದಾದರೆ ಅವುಗಳ ಅಳತೆ ಮತ್ತು ಗುಣಮಟ್ಟದ ವಿವರಗಳನ್ನು ಇತರ ತಯಾರಕರಿಗೆ ಬಿಟ್ಟುಕೊಡಲಿ. ದುರಸ್ತಿಯ ಮಾಹಿತಿಯನ್ನು ಮಾಲೀಕರಿಗೂ ಸ್ವತಂತ್ರ ಗ್ಯಾರೇಜುಗಳಿಗೂ ಒದಗಿಸಬೇಕೆಂಬ ಕಾನೂನನ್ನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಅಂಗೀಕರಿಸಿದ್ದಾರೆ. ಹಾಗಾಗಿ ನಾನು ಕೇಳುತ್ತಿರುವುದು ಎಲ್ಲೂ ಇಲ್ಲದ್ದನ್ನಲ್ಲ.

ಕೊನೆಯದಾಗಿ, ಪರೀಕ್ಷೆಯ ಫಲಿತಾಂಶವನ್ನು ಪಾಸು ಅಥವಾ ನಪಾಸು ಎಂಬ ಒಂದು ಮುದ್ರೆಗೆ ಸೀಮಿತಗೊಳಿಸಬೇಡಿ. ಪ್ರತಿ ಚಕ್ರದ ಬ್ರೇಕ್ ಬಲ, ಎಡಬಲಗಳ ವ್ಯತ್ಯಾಸ, ಹೊಗೆಯ ಪ್ರಮಾಣ, ತುಕ್ಕು ಕಂಡ ಜಾಗ, ಇವೆಲ್ಲವನ್ನೂ ಬರೆದು ಮಾಲೀಕನ ಕೈಗೆ ಕೊಡಿ, ದೋಷ ಸರಿಪಡಿಸಿಕೊಂಡು ಮರುಪರೀಕ್ಷೆಗೆ ಬರಲು ನಿಗದಿತ ಕಾಲಾವಕಾಶ ಕೊಡಿ, ಅಲ್ಲಿಯವರೆಗೆ ಹೊರೆ ಸಾಗಿಸದಂತೆ ತಡೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಪಿಕಪ್ಪಿನ ಮಾಲೀಕ