ಐದನೇ ತಾರೀಕಿನೊಳಗೆ

ಡೊಂಬಿವಲಿ
ಭಾನುವಾರ, ಊಟ ಆದ ಮೇಲೆ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ಒಂದು ಮಾತು ಹೇಳಿದೆ ನೋಡು: "ಕ್ರೆಡಿಟ್ ಕಾರ್ಡ್ ಬಿಲ್ 47,000 ಬಂದಿದೆ ಅಪ್ಪ. ಆದ್ರೆ ಟೆನ್ಶನ್ ಇಲ್ಲ, ಮಿನಿಮಮ್ ಡ್ಯೂ ಬರೀ 2,350. ಅಷ್ಟು ಕಟ್ಟಿದ್ರೆ ಸಾಕು." ನಾನು "ಹ್ಞೂಂ" ಅಂದೆ. ಫೋನಿಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ಯಾಕೆ ಹೊರಳಾಡ್ತೀರಿ ಅಂತ ಅಮ್ಮ ಕೇಳಿದಳು. ಸೆಖೆ ಅಂದೆ.

ಫೋನಿನಲ್ಲಿ ಹೇಳಿದರೆ ಬೈದ ಹಾಗೆ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತೇನೆ. ನೀನು ಕನ್ನಡ ಓದುವ ಸ್ಪೀಡು ನನಗೆ ಗೊತ್ತು, ನಿಧಾನಕ್ಕೆ ಓದು.

ಮೊದಲು ಲೆಕ್ಕ. ಕಾರ್ಡಿನವರ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್ ಅಂದೆ ಅಲ್ವಾ? 47,000ಕ್ಕೆ ಅದು 1,645 ರೂಪಾಯಿ. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ ಇನ್ನೂ 296. ಒಟ್ಟು 1,941. ನೀನು ಕಟ್ಟುವ 2,350ರಲ್ಲಿ ಇದನ್ನು ಕಳೆ. ಉಳಿಯುವುದು 409. ಸಾಲ ಇಳಿಯುವುದು ಅಷ್ಟೇ, ಮಾರಾಯ್ತಿ! ವರ್ಷದ ಲೆಕ್ಕ ಹಾಕಿದರೆ 42 ಪರ್ಸೆಂಟ್ ಬಡ್ಡಿ. ನಮ್ಮೂರಿನಲ್ಲಿ ಮೀಟರ್ ಬಡ್ಡಿಯವನನ್ನು ಕಂಡರೆ ಜನ ದಾರಿ ಬದಲಿಸುತ್ತಿದ್ದರು. ಇವನು ಜೇಬಿನಲ್ಲೇ ಕೂತಿದ್ದಾನೆ.

ಇನ್ನೊಂದು ಇದೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಿಲ್ ಪೂರ್ತಿ ಕಟ್ಟುವವರಿಗೆ ಮಾತ್ರ ಆ ನಲವತ್ತು ಐವತ್ತು ದಿನ ಬಡ್ಡಿಯಿಲ್ಲದ ಸವಲತ್ತು. ಬಾಕಿ ಉಳಿಸಿದೆಯೋ, ಸವಲತ್ತು ಹೋಯಿತು. ಆಮೇಲೆ ನೀನು ಅದೇ ಕಾರ್ಡಿನಲ್ಲಿ ಒಂದು ಕುಪ್ಪಸದ ಬಟ್ಟೆ ತಗೊಂಡರೂ ತಗೊಂಡ ದಿನದಿಂದಲೇ ಬಡ್ಡಿ ಶುರು.

ಇದೆಲ್ಲ ಅಪ್ಪನಿಗೆ ಹೇಗೆ ಗೊತ್ತು ಅಂತ ನೀನು ಕೇಳುತ್ತೀ. ನಮ್ಮ ಹಾಲಿನಲ್ಲಿ ಇದ್ದ ಆ ದೊಡ್ಡ ಟಿವಿ ನೆನಪಿದೆಯಾ? ನೀನು ಕಾರ್ಟೂನ್ ನೋಡುತ್ತಾ ಅನ್ನ ತಿನ್ನುತ್ತಿದ್ದೆಯಲ್ಲ, ಅದೇ. 2008ರಲ್ಲಿ ತಂದದ್ದು, 24,000 ರೂಪಾಯಿ. ಟೈ ಕಟ್ಟಿಕೊಂಡ ಒಬ್ಬ ಹುಡುಗ ಹೋಟೆಲಿನ ಗಲ್ಲಾದ ಹತ್ತಿರವೇ ಬಂದು ಕಾರ್ಡ್ ಮಾಡಿಸಿಕೊಟ್ಟಿದ್ದ. ನಾನೂ ನಿನ್ನ ಹಾಗೇ ಮಿನಿಮಮ್ ಕಟ್ಟುತ್ತಾ ಹೋದೆ. ಮಧ್ಯೆ ನಿನ್ನ ಸ್ಕೂಲ್ ಫೀಸು, ಒಂದೆರಡು ಸಲ ರೇಷನ್ನು ಕೂಡ ಅದೇ ಕಾರ್ಡಿನಲ್ಲಿ ಹೋಯಿತು. ಎರಡು ವರ್ಷ ಕಟ್ಟಿದ ಮೇಲೆ ಬಾಕಿ ಎಷ್ಟಿತ್ತು ಗೊತ್ತಾ? 31,000. ಅಮ್ಮನ ಎರಡು ಬಳೆ ಅಡ ಇಟ್ಟು ತೀರಿಸಿದೆ. ಬಳೆ ಮೇಲಿನ ಸಾಲಕ್ಕೆ ವರ್ಷಕ್ಕೆ 12 ಪರ್ಸೆಂಟ್ ಇತ್ತು, ಕಾರ್ಡಿಗೆ ಹೋಲಿಸಿದರೆ ಪುಣ್ಯದ ಕೆಲಸ. ಆದರೆ ಆ ವರ್ಷ ಊರಿನ ಮದುವೆಗೆ ಅಮ್ಮ ಗಾಜಿನ ಬಳೆ ಹಾಕಿಕೊಂಡೇ ಬಂದಳು. ಯಾರೋ ಕೇಳಿದ್ದಕ್ಕೆ, ಲೋಕಲ್ ಟ್ರೇನಿನಲ್ಲಿ ಚಿನ್ನ ಹಾಕಿ ಹಾಕಿ ಹೆದರಿಕೆ, ರೂಢಿ ತಪ್ಪಿ ಹೋಗಿದೆ ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ತಮಾಷೆ ಏನು ಅಂದರೆ, ಆಗ ನಾನು ಗಲ್ಲಾದಲ್ಲಿ ಕೂತು ಹದಿನೈದು ವರ್ಷ ಕಳೆದಿತ್ತು. ಬೇರೆಯವರ ದುಡ್ಡನ್ನು ಪೈಸೆಗೆ ಪೈಸೆ ತಾಳೆ ಮಾಡುವವನು. ಒಂದು ರಾತ್ರಿ ಐದು ರೂಪಾಯಿ ಕಡಿಮೆ ಬಂತು. ಮೂರು ಸಲ ಎಣಿಸಿದೆ. ಬಿಲ್ಲುಗಳನ್ನು ಮತ್ತೆ ಕೂಡಿಸಿದೆ. ಕೊನೆಯ ಲೋಕಲ್ ಹೋಯಿತು. ಕಡೆಗೆ ನಾಣ್ಯ ಸಿಕ್ಕಿದ್ದು ಸೋಂಪಿನ ತಟ್ಟೆಯ ಅಡಿಯಲ್ಲಿ, ಸಕ್ಕರೆ ಅಂಟಿಗೆ ಹಿಡಿದುಕೊಂಡಿತ್ತು. ಆ ರಾತ್ರಿ ಹೋಟೆಲಿನ ಬೆಂಚಿನ ಮೇಲೇ ಮಲಗಿದೆ. ಅಂಥವನು ತನ್ನ ಮನೆಯ ಲೆಕ್ಕವನ್ನು ಒಂದು ದಿನವೂ ತಾಳೆ ನೋಡಿರಲಿಲ್ಲ. ಸಂಬಳ ಬಂತು, ಹೋಯಿತು, ಅಷ್ಟೇ.

ನನಗೆ ಕಲಿಸಿದವರು ಇರಲಿಲ್ಲ ಅಂತಲ್ಲ. ನಾನು 1981ರಲ್ಲಿ ಐದನೇ ಕ್ಲಾಸು ಮುಗಿಸಿ, ಕುಂದಾಪುರದಿಂದ ಬಸ್ಸು ಹತ್ತಿ ಮುಂಬಯಿಗೆ ಬಂದೆ. ಆಗ ಕೊಂಕಣ ರೈಲು ಎಲ್ಲಿತ್ತು? ಪರೇಲಿನಲ್ಲಿ ಒಂದು ಬಟ್ಟೆ ಗಿರಣಿಯ ಗೇಟಿನ ಎದುರು ಹೋಟೆಲು. ಹಗಲು ಟೇಬಲ್ ಒರೆಸುವುದು, ರಾತ್ರಿ ಕನ್ನಡ ರಾತ್ರಿ ಶಾಲೆ. ಗಿರಾಕಿಗಳೆಲ್ಲ ಗಿರಣಿ ಕಾರ್ಮಿಕರು. ತಿಂಗಳಿಡೀ ಉದ್ರಿ, ಪಗಾರದ ದಿನ ಚುಕ್ತಾ. ಧಣಿಗಳ ಹತ್ತಿರ ಕೆಂಪು ರಟ್ಟಿನ ವಹಿ ಇತ್ತು, ಒಬ್ಬೊಬ್ಬರಿಗೆ ಒಂದೊಂದು ಪುಟ. ಬಡ್ಡಿಗಿಡ್ಡಿ ಇಲ್ಲ.

ನಾನು ಬಂದು ವರ್ಷ ತುಂಬಿರಲಿಲ್ಲ, 1982ರ ಜನವರಿ 18ಕ್ಕೆ ಗಿರಣಿಗಳ ಮುಷ್ಕರ ಶುರುವಾಯಿತು. ದತ್ತಾ ಸಾಮಂತರ ಮುಷ್ಕರ. ಸುಮಾರು ಎರಡೂವರೆ ಲಕ್ಷ ಕೆಲಸಗಾರರು. ಹದಿನೈದು ದಿನದಲ್ಲಿ ಮುಗಿಯುತ್ತದೆ ಅಂದುಕೊಂಡೆವು. ಅದು ಇವತ್ತಿನವರೆಗೂ ಮುಗಿಯಿತು ಅಂತ ಯಾರೂ ಹೇಳಿಲ್ಲ. ಬೆಳಿಗ್ಗೆ ಏಳಕ್ಕೆ ಜಾತ್ರೆಯ ಹಾಗೆ ತುಂಬುತ್ತಿದ್ದ ಹೋಟೆಲಿನಲ್ಲಿ ನಾವು ನೊಣ ಹೊಡೆಯುತ್ತಾ ಕೂತೆವು. ಅಕ್ಕಪಕ್ಕದ ಎರಡು ಹೋಟೆಲು ಮುಚ್ಚಿದವು. ನಮ್ಮದು ಉಳಿಯಿತು.

ಯಾಕೆ ಉಳಿಯಿತು ಅಂತ ನನಗೆ ಆಗ ಗೊತ್ತಾಗಲಿಲ್ಲ. ಗಲ್ಲಾಕ್ಕೆ ಕೂತ ಮೇಲೆ ತಿಳಿಯಿತು. ಧಣಿಗಳು ದಿನದ ಕಲೆಕ್ಷನ್ನಿನಿಂದ ಮೊದಲು ಬಾಡಿಗೆಯ ಪಾಲು ತೆಗೆದಿಡುತ್ತಿದ್ದರು. ಆಮೇಲೆ ಹುಡುಗರ ಸಂಬಳದ ಪಾಲು. ಆಮೇಲೆ ಒಂದು ಬೇರೆ ಡಬ್ಬಿಗೆ ಸ್ವಲ್ಪ, ಅದಕ್ಕೆ "ಮಳೆಗಾಲ" ಅಂತ ಹೆಸರು. ಎಷ್ಟೇ ವ್ಯಾಪಾರ ಆಗಲಿ, ಈ ಕ್ರಮ ತಪ್ಪುತ್ತಿರಲಿಲ್ಲ. ಮಿಕ್ಕಿದ್ದರಲ್ಲಿ ತಮ್ಮ ಖರ್ಚು. ನಾವೆಲ್ಲ ತಿರುಗುಮುರುಗು ಮಾಡುತ್ತೇವೆ, ಖರ್ಚು ಮಾಡಿ ಮಿಕ್ಕಿದರೆ ಉಳಿಸೋಣ ಅಂತ. ಮಿಕ್ಕುವುದೇ ಇಲ್ಲವಲ್ಲ!

ನಿನ್ನ ಕೈಗೆ ಬರುವುದು 38,000. ಪುಣೆಯ ಹಿಂಜವಡಿಯ ಪಿಜಿ, ಊಟ, ಬಸ್ಸು, ಫೋನು ಎಲ್ಲ ಸೇರಿ 24,000 ಅಂತ ನೀನೇ ಹೇಳಿದ್ದೀ. ಹಾಗಾದರೆ ನಿನ್ನ "ಮಳೆಗಾಲ"ಕ್ಕೆ ಕಡಿಮೆ ಅಂದರೆ ಮೂರು ತಿಂಗಳ ಖರ್ಚು, 72,000 ಬೇಕು. ಸಾಧ್ಯ ಆದರೆ ಆರು ತಿಂಗಳದ್ದು. ಯುಪಿಐ ಜೋಡಿಸದ ಬೇರೆ ಖಾತೆಯಲ್ಲಿ ಇಡು. ಯುಪಿಐ ಇದ್ದರೆ ಅದು ಮಳೆಗಾಲ ಅಲ್ಲ, ಬರೀ ಹನಿ.

ಯುಪಿಐ ಬಗ್ಗೆ ಗಲ್ಲಾದವನ ಒಂದು ಮಾತು ಕೇಳು. ಮೊದಲೆಲ್ಲ ಗಿರಾಕಿ ನೋಟು ಕೊಡುವ ಮುಂಚೆ ಬಿಲ್ಲು ನೋಡುತ್ತಿದ್ದ. "ಇದೇನು, ಎಕ್ಸ್‌ಟ್ರಾ ಚಟ್ನಿಗೂ ದುಡ್ಡಾ?" ಅಂತ ಜಗಳ. ಚಿಲ್ಲರೆ ಎಣಿಸಿಕೊಳ್ಳುತ್ತಿದ್ದ. ಕೌಂಟರಿನ ಮೇಲೆ ಆ ಕ್ಯೂಆರ್ ಕೋಡ್ ಅಂಟಿಸಿದ ಮೇಲೆ ಜಗಳವೇ ನಿಂತುಹೋಯಿತು. ಕಿವಿಗೆ ಸಿಕ್ಕಿಸಿಕೊಂಡು ಹಾಡು ಕೇಳುತ್ತಾ ಬರುತ್ತಾರೆ, ಸ್ಕ್ಯಾನ್ ಮಾಡುತ್ತಾರೆ, ಪೆಟ್ಟಿಗೆ ಕೂಗುತ್ತದೆ, ಹೋಗುತ್ತಾರೆ. ಒಂದು ಸಲ ನಮ್ಮ ಹುಡುಗ ತಪ್ಪಿ ಪಕ್ಕದ ಟೇಬಲ್ಲಿನ ಬಿಲ್ಲು ಕೊಟ್ಟಿದ್ದ, 140ರ ಬದಲು 410. ಆ ಮನುಷ್ಯ ಕಟ್ಟಿ ಹೊರಟೇಬಿಟ್ಟ. ಹುಡುಗನನ್ನು ಸ್ಟೇಷನ್ನಿನವರೆಗೆ ಓಡಿಸಿ ವಾಪಸ್ ಕರೆಸಿದೆ. ನೋಟು ಕೊಟ್ಟಿದ್ದರೆ ಕೈಗೆ ಗೊತ್ತಾಗುತ್ತಿತ್ತು. ನೀನು ಯುಪಿಐ ಬಿಡು ಅನ್ನುವುದಿಲ್ಲ. ರಾತ್ರಿ ಮಲಗುವ ಮುಂಚೆ ಆ ದಿನದ ಪಟ್ಟಿ ತೆಗೆದು ಒಂದು ಸಲ ಕಣ್ಣಾಡಿಸು. ಐದು ನಿಮಿಷದ ಕೆಲಸ. ಏನನ್ನೂ ನಿಲ್ಲಿಸಬೇಡ, ಬರೀ ನೋಡು. ಒಂದು ತಿಂಗಳು ನೋಡಿ ಆಮೇಲೆ ನನಗೆ ಹೇಳು.

ಸಣ್ಣಪುಟ್ಟವನ್ನು ಬೇಗ ಬರೆದುಬಿಡುತ್ತೇನೆ, ಅಮ್ಮ ಚಹಾಕ್ಕೆ ಕರೆಯುತ್ತಿದ್ದಾಳೆ. ಫೆಬ್ರವರಿಯಲ್ಲಿ ಸಂಬಳದಿಂದ 100 ರೂಪಾಯಿ ಜಾಸ್ತಿ ಹಿಡಿದರು ಅಂತ ನೀನು ಸಿಟ್ಟು ಮಾಡಿದ್ದೆ. ಅದು ವೃತ್ತಿ ತೆರಿಗೆ. ಮಹಾರಾಷ್ಟ್ರದಲ್ಲಿ ತಿಂಗಳಿಗೆ 200, ಫೆಬ್ರವರಿಗೆ ಮಾತ್ರ 300, ವರ್ಷಕ್ಕೆ 2,500 ಭರ್ತಿ ಮಾಡಲು. ಕಂಪನಿಯವರ ಮೇಲೆ ಸಿಟ್ಟು ಬೇಡ. ಪಿಎಫ್ ಮುಟ್ಟಬೇಡ. ಕೆಲಸ ಬಿಟ್ಟರೆ ಅದೇ ಯುಎಎನ್‌ಗೆ, ಅಂದರೆ ಪಿಎಫ್‌ನ ಖಾಯಂ ನಂಬರಿಗೆ, ವರ್ಗ ಮಾಡಿಸು. ಐದು ವರ್ಷ ತುಂಬುವ ಮುಂಚೆ ತೆಗೆದರೆ ಅದಕ್ಕೂ ತೆರಿಗೆ ಬೀಳುತ್ತದೆ.

ಮಾಟುಂಗಾದ ಮೈಸೂರು ಅಸೋಸಿಯೇಶನ್ನಿಗೆ ನಾಟಕ ನೋಡಲು ಹೋದಾಗ ಸಿಕ್ಕಿದ ನೆಂಟರು ನಿನ್ನ ನಂಬರ್ ತಗೊಂಡಿದ್ದಾರೆ. ಪಾಲಿಸಿ ಮಾಡಿಸಲು ಫೋನ್ ಬರುತ್ತದೆ, "ತೆರಿಗೆ ಉಳಿಯುತ್ತೆ" ಅನ್ನುತ್ತಾರೆ. ಹೊಸ ಪದ್ಧತಿಯಲ್ಲಿ 2025-26ರಿಂದ ಸಂಬಳದವರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆ ಉಳಿಸಲು ಇಪ್ಪತ್ತು ವರ್ಷ ಪ್ರೀಮಿಯಂ ಯಾಕೆ? ನಿನ್ನನ್ನು ನಂಬಿ ಕೂತವರು ಈಗ ಯಾರೂ ಇಲ್ಲ. ಮರ್ಯಾದೆಯಿಂದ "ಅಪ್ಪನ್ನ ಕೇಳಿ" ಅಂದುಬಿಡು. ಆರೋಗ್ಯ ವಿಮೆ ಮಾತ್ರ ನಿನ್ನದೇ ಒಂದು ಇರಲಿ. ಕಂಪನಿಯದ್ದು ಕೆಲಸದ ಜೊತೆಗೇ ಹೋಗುತ್ತದೆ.

ಪಿಪಿಎಫ್ ಖಾತೆ ತೆರೆ, ಅದು ಸರ್ಕಾರದ ಉಳಿತಾಯ ಯೋಜನೆ, ವರ್ಷಕ್ಕೆ 500 ಹಾಕಿದರೂ ನಡೆಯುತ್ತದೆ, 15 ವರ್ಷದ್ದು. ಹಾಕುವುದಾದರೆ ಐದನೇ ತಾರೀಕಿನೊಳಗೆ ಹಾಕು. ಐದರಿಂದ ತಿಂಗಳ ಕೊನೆಯವರೆಗೆ ಇರುವ ಕಡಿಮೆ ಮೊತ್ತದ ಮೇಲೆ ಬಡ್ಡಿ ಲೆಕ್ಕ. ಆರನೇ ತಾರೀಕು ಹಾಕಿದರೆ ಆ ದುಡ್ಡಿಗೆ ಆ ತಿಂಗಳ ಬಡ್ಡಿ ಇಲ್ಲ. ಬಳೆ ಬಿಡಿಸಿಕೊಂಡ ಮರುತಿಂಗಳಿಂದ ಅಮ್ಮ ನನಗೆ ಪ್ರತಿ ನಾಲ್ಕನೇ ತಾರೀಕು ಜ್ಞಾಪಿಸುತ್ತಾ ಬಂದಿದ್ದಾಳೆ. ನಿನ್ನ ಇಂಜಿನಿಯರಿಂಗಿನ ಕೊನೆ ಎರಡು ವರ್ಷದ ಫೀಸು ಅದರಿಂದಲೇ ಬಂದದ್ದು.

ಈಗ 47,000ದ ವಿಷಯ. ಅಮ್ಮ, "ಪಾಪ, ಕಳಿಸಿಬಿಡಿ, ಮಗು ಗೋವಾಕ್ಕೆ ಮೊದಲನೇ ಸಲ ಹೋಗಿದ್ದು" ಅಂದಳು. ಆ ಬಿಲ್ಲಿನಲ್ಲಿರುವ ಮೊಬೈಲಿನ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ, ನಾನೂ ಹೇಳಿಲ್ಲ. ಇವತ್ತು ಬೆಳಿಗ್ಗೆ ನಿನ್ನ ಖಾತೆಗೆ 47,000 ಹಾಕಿದ್ದೇನೆ. ಇವತ್ತೇ ಕಾರ್ಡಿಗೆ ಪೂರ್ತಿ ಕಟ್ಟಿ ನನಗೆ ರಸೀದಿ ಕಳಿಸು. ಇದು ಉಡುಗೊರೆ ಅಲ್ಲ, ಉದ್ರಿ. ತಿಂಗಳಿಗೆ 4,700, ಹತ್ತು ತಿಂಗಳು, ಐದನೇ ತಾರೀಕಿನೊಳಗೆ. ಬಡ್ಡಿ ಇಲ್ಲ, ಧಣಿಗಳೂ ಹಾಕುತ್ತಿರಲಿಲ್ಲ.

ಆ ಕೆಂಪು ವಹಿಯ ಕಥೆ ಒಂದು ಬಾಕಿ ಇದೆ. ಮುಷ್ಕರದ ನಂತರ ತುಂಬಾ ಜನ ಊರಿಗೆ ಹೋದರು, ಪುಟಗಳು ಹಾಗೇ ಉಳಿದವು. ಧಣಿಗಳು ಅವನ್ನು ಹರಿದು ಹಾಕಲಿಲ್ಲ. ಮೂರು ವರ್ಷದ ಮೇಲೆ ಸಾತಾರಾ ಕಡೆಯವನೊಬ್ಬ ಬಂದ. ಗಡ್ಡ ಬೆಳೆದಿತ್ತು, ನನಗೆ ಗುರುತು ಸಿಗಲಿಲ್ಲ. "ಮಾಝ ಪಾನ್ ಕಾಢಾ" ಅಂದ, ನನ್ನ ಪುಟ ತೆಗೀರಿ ಅಂತ. 63 ರೂಪಾಯಿ ಬಾಕಿ ಇತ್ತು. ಎಣಿಸಿ ಇಟ್ಟ. ಧಣಿಗಳು ಪುಟಕ್ಕೆ ಅಡ್ಡ ಗೆರೆ ಎಳೆಯಲು ಪೆನ್ನು ತೆಗೆದರು, ಅವನು ಕೈ ಹಿಡಿದು ತಾನೇ ಪೆನ್ನು ಇಸಿದುಕೊಂಡು ಎಳೆದ. ಆಮೇಲೆ ಒಂದು ಕಟಿಂಗ್ ಚಹಾ ಕುಡಿದು, ಅದಕ್ಕೂ ನಗದು ಕೊಟ್ಟು ಹೋದ.

ನಾನೂ ಒಂದು ವಹಿ ತಂದಿದ್ದೇನೆ. ಕೆಂಪು ರಟ್ಟು ಸಿಗಲಿಲ್ಲ, ನೀಲಿ ಇದೆ. ಮೊದಲ ಪುಟ ನಿನ್ನದು. ಕೊನೇ ಕಂತಿನ ದಿನ ರಜೆ ಹಾಕಿ ಬಾ, ಪೆನ್ನು ಇಟ್ಟಿರುತ್ತೇನೆ. ಬರುವಾಗ ಅಮ್ಮನಿಗೆ ಬಾಕರವಡಿ ತಾ, ನಗದು ಕೊಟ್ಟು.

ನಿನ್ನ
ಅಪ್ಪ